ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ದಾವಣಗೆರೆಯ ಓದುಗರೊಬ್ಬರ ಪತ್ರ: "ಮಗನಿಗೆ ಒಂಬತ್ತು ವರ್ಷ. ತೂಕ ಜಾಸ್ತಿ, ಲೆಕ್ಕದಲ್ಲಿ ಹಿಂದೆ. ಸಂಜೆ ಆಟ ಬಿಡಿಸಿ ಟ್ಯೂಷನ್‌ಗೆ ಹಾಕಿದ್ದೇವೆ. 'ಹುಡುಗನ್ನ ಓಡೋಕೆ ಬಿಡ್ರೋ, ತಲೆ ತಾನೇ ಓಡುತ್ತೆ' ಅಂತ ನಮ್ಮ ತಂದೆ ದಿನಾ ಜಗಳ. ಯಾರು ಸರಿ ಸಾರ್?"

ಉತ್ತರ: ನಿಮ್ಮ ತಂದೆ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನನ್ನ ಹಳೇ ಗಾಯ ಕೆದಕಿದ್ದೀರಿ, ಕೇಳಲೇಬೇಕು. ಟ್ಯೂಷನ್ ಬೇಡ ಅಂತ ನಾನು ಹೇಳುತ್ತಿಲ್ಲ. ಮಗ್ಗಿ ಬಾರದ ಹುಡುಗನಿಗೆ ಯಾರಾದರೂ ಕೂತು ಹೇಳಿಕೊಡಬೇಕು. ಸರಿ, ಆ ಮಾತು ಅಲ್ಲಿಗಾಯ್ತು.

ಈಗ ಅಮೆರಿಕದ ಜಾರ್ಜಿಯಾ ರಾಜ್ಯದ ಅಗಸ್ಟಾಗೆ ಬನ್ನಿ. ಅಲ್ಲಿನ ವೈದ್ಯಕೀಯ ಕಾಲೇಜಿನ ಕ್ಯಾಥರೀನ್ ಡೇವಿಸ್ ಮತ್ತು ಸಂಗಡಿಗರು 7ರಿಂದ 11 ವರ್ಷದ 171 ಮಕ್ಕಳನ್ನು ಆರಿಸಿಕೊಂಡರು. ಎಲ್ಲರೂ ನಿಮ್ಮ ಮಗನ ಹಾಗೇ ದುಂಡಗಿದ್ದವರು. ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಶಾಲೆ ಬಿಟ್ಟ ಮೇಲೆ ಒಂದಕ್ಕೆ ದಿನಾ 40 ನಿಮಿಷ ಏದುಸಿರು ಬರುವಂಥ ಆಟ, ಇನ್ನೊಂದಕ್ಕೆ 20, ಮೂರನೆಯದಕ್ಕೆ ಏನೂ ಇಲ್ಲ. ಸುಮಾರು ಮೂರು ತಿಂಗಳು ಹೀಗೆ ನಡೆಯಿತು. 2011ರಲ್ಲಿ ಫಲಿತಾಂಶ ಬಂತು. ಮೊದಲೇ ಯೋಚಿಸಿ ಹೆಜ್ಜೆ ಇಡುವ ಪರೀಕ್ಷೆಯಲ್ಲಿ ಆಡಿದವರು ಮುಂದೆ. ಲೆಕ್ಕದಲ್ಲೂ ಮುಂದೆ! ಆಟ ಜಾಸ್ತಿಯಾದಷ್ಟೂ ಲಾಭ ಜಾಸ್ತಿ. ಅಲ್ಲಿ ಯಾರಿಗೂ ಟ್ಯೂಷನ್ ಹೇಳಿರಲಿಲ್ಲ ಅನ್ನೋದು ನೆನಪಿರಲಿ. ಓದುವ ಪರೀಕ್ಷೆಯಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಅದನ್ನೂ ಈಗಲೇ ಹೇಳಿಬಿಟ್ಟೆ, ಆಮೇಲೆ ಬೈಬೇಡಿ.

ನನಗೆ ಖುಷಿ ಕೊಟ್ಟಿದ್ದು ಬೇರೆ. ಆ ಮಕ್ಕಳಿಗೆ ಎದೆಬಡಿತ ಅಳೆಯುವ ಯಂತ್ರ ಕಟ್ಟಿದ್ದರು. ನಿಮಿಷಕ್ಕೆ 150ರ ಮೇಲೆ ಬಡಿಯಬೇಕು, ಅಷ್ಟೇ. ಅದಕ್ಕೇ ಪಾಯಿಂಟು, ಅದಕ್ಕೇ ಬಹುಮಾನ. ಎಷ್ಟು ಗೋಲು, ಯಾರು ಫಸ್ಟು ಅಂತ ಯಾರೂ ಕೇಳಲಿಲ್ಲ. ದಪ್ಪ ಹುಡುಗನೂ ಗೆಲ್ಲಬಹುದಾದ ಆಟ ಅಲ್ವಾ ಇದು?

ನಮ್ಮಲ್ಲಿ? ನಾನೂ ಗುಂಡಣ್ಣನೇ ಆಗಿದ್ದೆ. ಖೋ ಖೋದಲ್ಲಿ ನನ್ನನ್ನು ಎರಡೂ ಕಡೆಯವರು ಕರೆಯುತ್ತಿರಲಿಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅಂಗಳದ ಅಂಚಿನಲ್ಲಿ ಹನ್ನೆಂಟು ಜೊತೆ ಹವಾಯಿ ಚಪ್ಪಲಿ ಕಾಯೋದು ನನ್ನ ಕೆಲಸ. ಯಾರ ಚಪ್ಪಲಿಗೆ ಪಿನ್ನು ಹಾಕಿದೆ, ಯಾರದ್ದು ಹಿಮ್ಮಡಿ ಸವೆದಿದೆ, ಎಲ್ಲ ಬಾಯಿಪಾಠ. ಓಡಬೇಕಾದವನು ನಾನು, ಕೂತವನೂ ನಾನೇ. ಆ ಪಿಟಿ ಪೀರಿಯಡ್ಡೂ ವಾರಕ್ಕೆ ಒಂದು. ಪರೀಕ್ಷೆ ಹತ್ತಿರ ಬಂದರೆ ಅದನ್ನೂ ಲೆಕ್ಕದ ಮೇಷ್ಟ್ರು ನುಂಗುತ್ತಿದ್ದರು. ಚೆಂಡು ಬೀರುವಿನಲ್ಲಿ ಭದ್ರವಾಗಿತ್ತು, ಗಾಳಿ ಇರಲಿಲ್ಲ.

ಇವತ್ತು ಚೆಂಡಿದೆ, ಜಾಗ ಇಲ್ಲ. ಶಾಲೆಗೆ ಆಟದ ಮೈದಾನ ಇರಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ನಮ್ಮ ಬೀದಿಯ ಶಾಲೆಯ ಮೈದಾನದಲ್ಲಿ ಏಳು ಹಳದಿ ಬಸ್ಸು ನಿಂತಿರುತ್ತವೆ. ಅಡ್ಮಿಷನ್ ದಿನ ಸ್ಮಾರ್ಟ್ ಬೋರ್ಡ್ ಎಷ್ಟಿದೆ ಅಂತ ಕೇಳುವ ನಾವು, ಮಕ್ಕಳು ಓಡೋದೆಲ್ಲಿ ಅಂತ ಕೇಳಲ್ಲ. ನೀವು ಕೇಳಿದ್ರಾ? ಸುಮ್ನೆ ಕೇಳಿದೆ, ಬೇಜಾರು ಮಾಡ್ಕೋಬೇಡಿ. ಪತ್ರ ಬರೆದಿದ್ದೀರಿ ಅಂದ ಮೇಲೆ ಮಗನ ಬಗ್ಗೆ ಕಾಳಜಿ ಇರುವವರೇ.

5ರಿಂದ 17 ವರ್ಷದವರಿಗೆ ದಿನಕ್ಕೆ 60 ನಿಮಿಷ ಮೈ ದಂಡಿಸುವ ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಡಾಕ್ಟರಿಗೆ ಒಮ್ಮೆ ತೋರಿಸಿ, ಸಂಜೆ ಐದಕ್ಕೆ ಹುಡುಗನನ್ನು ತಾತನಿಗೆ ಒಪ್ಪಿಸಿ. ಟ್ಯೂಷನ್ ಆರೂವರೆಗಿರಲಿ. ಹತ್ತಿರ ಮೈದಾನ ಇಲ್ಲ ಅಂತೀರಾ? ತಾರಸಿ ಮತ್ತು ಒಂದು ಸ್ಕಿಪ್ಪಿಂಗ್ ಹಗ್ಗ ಸಾಕು. ಅಗಸ್ಟಾದ ಮಕ್ಕಳೂ ಹಗ್ಗ ಹಾರಿದವರೇ. ಎಷ್ಟು ಹಾರಿದ ಅಂತ ಎಣಿಸೋ ಕೆಲಸ ತಾತನಿಗೇ ಬಿಡಿ.