ಅಮೆರಿಕದ ರಾಕ್ ಬ್ಯಾಂಡ್ ನೈನ್ ಇಂಚ್ ನೇಲ್ಸ್ ದೊಡ್ಡ ಲೇಬಲ್ (ಆಲ್ಬಂ ಹೊರತರುವ ಕಂಪನಿ) ಇಲ್ಲದೆ ಬೆಳೆದದ್ದು ಹೇಗೆ?

ಶುರುವಿನಲ್ಲಿ ಅದು ಬ್ಯಾಂಡೇ ಅಲ್ಲ, ಒಬ್ಬನೇ ಮನುಷ್ಯ. 1988ರ ಹೊತ್ತಿಗೆ ಟ್ರೆಂಟ್ ರೆಜ್ನರ್ ಅಮೆರಿಕದ ಕ್ಲೀವ್‌ಲ್ಯಾಂಡಿನ ಸ್ಟುಡಿಯೋ ಒಂದರಲ್ಲಿ ಕಸ ಗುಡಿಸುವಂಥ ಚಿಲ್ಲರೆ ಕೆಲಸ ಮಾಡಿಕೊಂಡಿದ್ದರು. ಯಾರೂ ರೆಕಾರ್ಡಿಂಗ್‌ಗೆ ಬರದ ಹೊತ್ತು ನೋಡಿ, ಅಲ್ಲೇ ಕೂತು ಕೀಬೋರ್ಡ್, ಡ್ರಮ್ ಮಷೀನ್ ಇಟ್ಟುಕೊಂಡು ಹೆಚ್ಚುಕಡಿಮೆ ಎಲ್ಲವನ್ನೂ ತಾವೇ ನುಡಿಸಿ ಡೆಮೊ, ಅಂದರೆ ಮಾದರಿ ರೆಕಾರ್ಡಿಂಗ್, ಮಾಡಿದರು. ಮೊದಲ ಆಲ್ಬಂ 1989ರಲ್ಲಿ ಟಿವಿಟಿ ಅನ್ನೋ ಸ್ವತಂತ್ರ ಲೇಬಲ್‌ನಿಂದ ಬಂತು.

ಅದು ರಾತ್ರೋರಾತ್ರಿ ಗೆದ್ದಿದ್ದಲ್ಲ. ಊರೂರು ಸುತ್ತಿದರು, 1991ರಲ್ಲಿ ಲೊಲ್ಲಾಪಲೂಜಾ ಅನ್ನೋ ಸಂಗೀತೋತ್ಸವದ ಪ್ರವಾಸದಲ್ಲಿ ಜನ ಹುಚ್ಚೆದ್ದು ನೋಡಿದರು, ಕೊನೆಗೆ ಆ ಆಲ್ಬಂನ ಮಾರಾಟ ಅಮೆರಿಕದಲ್ಲೇ ಹತ್ತು ಲಕ್ಷ ಪ್ರತಿ ದಾಟಿತು. ನನಗನ್ನಿಸೋದು, ಯಂತ್ರದ ಕರ್ಕಶ ಸದ್ದಿನ ನಡುವೆ ಒಬ್ಬ ಮನುಷ್ಯನ ನೋವು ನೇರವಾಗಿ ಕೇಳಿಸಿತು, ಅದೇ ಜನರಿಗೆ ತಟ್ಟಿದ್ದು.