'ಬ್ರೋಕ್‌ಬ್ಯಾಕ್ ಮೌಂಟನ್' ಸಿನಿಮಾ ಗಳಿಕೆಯಲ್ಲಿ ಪ್ರತಿಸ್ಪರ್ಧಿಗಳನ್ನು ನಿಜಕ್ಕೂ ಹಿಂದೆ ಹಾಕಿತ್ತಾ?

ಹೌದು, ಅದೂ ಒಳ್ಳೇ ಅಂತರದಿಂದ. 2006ರ ಆಸ್ಕರ್‌ನಲ್ಲಿ ಅತ್ಯುತ್ತಮ ಚಿತ್ರದ ಕಣದಲ್ಲಿದ್ದ ಐದರಲ್ಲಿ, ಅಮೆರಿಕದಲ್ಲಿ ಎಲ್ಲಕ್ಕಿಂತ ಜಾಸ್ತಿ ದುಡ್ಡು ಮಾಡಿದ್ದು ಇದೇ: ಸುಮಾರು 8.3 ಕೋಟಿ ಡಾಲರ್. ಪ್ರಶಸ್ತಿ ಗೆದ್ದ 'ಕ್ರ್ಯಾಶ್' ಸುಮಾರು 5.5 ಕೋಟಿ, 'ಮ್ಯೂನಿಕ್' 4.7 ಕೋಟಿ. ಉಳಿದೆರಡು ಇನ್ನೂ ಹಿಂದೆ.

ನನಗೆ ಇದಕ್ಕಿಂತ ದೊಡ್ಡದು ಅನಿಸೋದು ಅದು ಬೆಳೆದ ರೀತಿ. 2005ರ ಡಿಸೆಂಬರ್ 9ರಂದು ಬರೀ ಐದು ಚಿತ್ರಮಂದಿರಗಳಲ್ಲಿ ಶುರುವಾಯಿತು. ಮೊದಲ ವಾರಾಂತ್ಯದಲ್ಲೇ ಒಂದೊಂದರಲ್ಲೂ ಸರಾಸರಿ 1 ಲಕ್ಷ ಡಾಲರ್‌ಗೂ ಮೇಲೆ ಬಂತು! ಆಮೇಲೆ ಬಾಯಿಂದ ಬಾಯಿಗೆ ಸುದ್ದಿ ಹಬ್ಬಿತು, ವಾರವಾರಕ್ಕೂ ಚಿತ್ರಮಂದಿರಗಳು ಹೆಚ್ಚಿದವು. ಇಬ್ಬರು ಗಂಡಸರ ಪ್ರೇಮಕಥೆಯನ್ನು ದೊಡ್ಡ ನಗರಗಳಾಚೆ ಯಾರು ನೋಡ್ತಾರೆ ಅನ್ನೋ ಅನುಮಾನಕ್ಕೆ ಇದಕ್ಕಿಂತ ಒಳ್ಳೇ ಉತ್ತರ ಬೇಕಾ? ಖರ್ಚು ಸುಮಾರು 1.4 ಕೋಟಿ ಡಾಲರ್, ಜಗತ್ತಿನಾದ್ಯಂತ ಗಳಿಕೆ ಸುಮಾರು 17.8 ಕೋಟಿ.

ಹಾಗಂತ 'ಕ್ರ್ಯಾಶ್' ಸೋತಿತ್ತು ಅನ್ನೋದು ತಪ್ಪು. ಅದರ ಖರ್ಚು ಇನ್ನೂ ಕಡಿಮೆ, ಅದೂ ಚೆನ್ನಾಗೇ ಲಾಭ ಮಾಡಿತು. 'ಬ್ರೋಕ್‌ಬ್ಯಾಕ್' ಅಭಿಮಾನಿಗಳು ಇವತ್ತಿಗೂ ಈ ಲೆಕ್ಕ ತೆಗೆಯೋದು ಸುಮ್ನೆ ಅಲ್ಲ. ಅದರ ನಿರ್ದೇಶಕ ಆಂಗ್ ಲೀ ಅವರಿಗೆ ನಿರ್ದೇಶನದ ಆಸ್ಕರ್ ಸಿಕ್ಕಿತು, ಆದರೆ ಅತ್ಯುತ್ತಮ ಚಿತ್ರದ ಆಸ್ಕರ್ ಸಿಗಲಿಲ್ಲ. ಆ ನೋವು ನನಗೂ ಇದೆ.