ನೆನಪು ಸೋತವರಿಗೆ ಯಾವ ಕಾಲಂ?

ದಾವಣಗೆರೆಯ ಓದುಗರೊಬ್ಬರು ಬರೆದ ಪತ್ರ ಒಂದು ವಾರದಿಂದ ನನ್ನ ಮೇಜಿನ ಮೇಲಿದೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಅವರ ಗಂಡ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಎರಡು ವರ್ಷದ ಹಿಂದೆ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಈಗ ನಡೆಯುತ್ತಾರೆ, ಮಾತಾಡುತ್ತಾರೆ, ನೆಂಟರ ಮದುವೆಗೂ ಹೋಗಿಬರುತ್ತಾರೆ. ಆದರೆ ಬಿಲ್ ಬರೆಯುವಾಗ ಯಾರಾದರೂ ಮಾತಾಡಿಸಿದರೆ ಎಲ್ಲಿಗೆ ನಿಲ್ಲಿಸಿದ್ದೆ ಅನ್ನುವುದೇ ಮರೆತುಹೋಗುತ್ತದೆ. ಮಧ್ಯಾಹ್ನಕ್ಕೆಲ್ಲ ಸುಸ್ತು, ಸಿಟ್ಟು. ಮಾಲೀಕರು ಮತ್ತೆ ಸೇರಿಸಿಕೊಂಡು ಇಪ್ಪತ್ತೇ ದಿನಕ್ಕೆ ಮನೆಗೆ ಕಳಿಸಿದರು. ವಿಕಲಚೇತನರ ಸರ್ಟಿಫಿಕೇಟಿಗೆ ಹೋದರೆ ಡಾಕ್ಟರು ಕೈಕಾಲು ಎತ್ತಿಸಿ ನೋಡಿ 'ವೈಕಲ್ಯ 40 ಪರ್ಸೆಂಟ್ ಬರಲ್ಲ' ಎಂದರು. ವಿಕಲಚೇತನರ ಕಾರ್ಡ್ ಇಲ್ಲ ಅಂತ ತರಬೇತಿ ಕೇಂದ್ರದವರು ಅರ್ಜಿಯನ್ನೇ ತಗೊಳ್ಳಲಿಲ್ಲ. 'ಇವರು ವಿಕಲಚೇತನರು ಹೌದೋ ಅಲ್ವೋ, ಯಾರಾದರೂ ಒಂದು ಹೇಳಿ' ಎಂದು ಕೇಳಿದ್ದಾರೆ.

ಹೌದು ತಾಯಿ. ಕಾನೂನು ಓದಿಯೇ ಹೇಳುತ್ತಿದ್ದೇನೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಮಾತು ಸರಳ. ದೇಹದಲ್ಲೋ ಮನಸ್ಸಿನಲ್ಲೋ ಬುದ್ಧಿಯಲ್ಲೋ ಬಹುಕಾಲದ ಕೊರತೆ ಇದ್ದು, ಸುತ್ತಲಿನ ಅಡ್ಡಿಗಳ ಜೊತೆ ಸೇರಿ ಅದು ಒಬ್ಬರನ್ನು ಎಲ್ಲರ ಜೊತೆ ಬೆರೆತು ಬಾಳಲು ಬಿಡದಿದ್ದರೆ ಅವರು ವಿಕಲಚೇತನರು. ಅಲ್ಲಿ ಪರ್ಸೆಂಟ್ ಮಾತೇ ಇಲ್ಲ. 40 ಅನ್ನುವುದು ಬರುವುದು ಸರ್ಕಾರಿ ಕೆಲಸದ ಮೀಸಲಾತಿಯಂಥ ಕಡೆ. ವೃತ್ತಿ ತರಬೇತಿಯ 19ನೇ ಸೆಕ್ಷನ್ ನೋಡಿ. ಎಲ್ಲರಿಗೂ ಇರುವ ತರಬೇತಿಗಳಲ್ಲಿ ವಿಕಲಚೇತನರನ್ನೂ ಸೇರಿಸಿಕೊಳ್ಳಿ, ಬೇಕಾದ ನೆರವು ಕೊಡಿ ಅನ್ನುತ್ತದೆ, ಅಲ್ಲೂ 40ರ ಮಾತಿಲ್ಲ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಗೆ, 40 ಪರ್ಸೆಂಟ್ ಇಲ್ಲ ಅಂತ ಪರೀಕ್ಷೆಯಲ್ಲಿ ಬರೆದುಕೊಡುವ ಸಹಾಯಕರನ್ನು ನಿರಾಕರಿಸಿದ್ದು ತಪ್ಪು ಎಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಮೀಸಲಾತಿಯ ಅಳತೆಯನ್ನು ಎಲ್ಲ ಬಾಗಿಲಿಗೂ ತಂದು ಕಟ್ಟಿದರೆ ಹೇಗೆ?

ಹಾಗಂತ ಕಾಯ್ದೆಯಲ್ಲಿ ತೂತಿಲ್ಲ ಅನ್ನಲಾರೆ. ಅದರ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ನರಗಳ ಕಾಯಿಲೆಗಳಾದ ಪಾರ್ಕಿನ್ಸನ್ ಇದೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ಪೆಟ್ಟಿನಿಂದ ಆದ ಮಿದುಳಿನ ಗಾಯಕ್ಕೆ ಅಲ್ಲಿ ಹೆಸರೇ ಇಲ್ಲ. ಕೈಕಾಲು ಸೋತರೆ ಚಲನೆಯ ವೈಕಲ್ಯದ ಕಾಲಂನಲ್ಲಿ ಜಾಗ ಸಿಗುತ್ತದೆ, ನೆನಪು ಸೋತರೆ, ಕೆಲಸಗಳನ್ನು ಒಂದಾದಮೇಲೊಂದು ಜೋಡಿಸಿಕೊಳ್ಳುವ ಶಕ್ತಿ ಸೋತರೆ, ನೋಡಿದವರೆಲ್ಲ 'ಚೆನ್ನಾಗೇ ಇದ್ದಾರಲ್ಲ' ಅನ್ನುತ್ತಾರೆ. ಇನ್ನೊಂದು ಅನ್ಯಾಯ ಇದೆ. ನಿಮ್ಮವರು ಸರ್ಕಾರಿ ಗುಮಾಸ್ತರಾಗಿದ್ದಿದ್ದರೆ 20ನೇ ಸೆಕ್ಷನ್ ಪ್ರಕಾರ ಅವರನ್ನು ತೆಗೆಯುವಂತಿರಲಿಲ್ಲ, ಆಗದ ಕೆಲಸದಿಂದ ಬೇರೆ ಕೆಲಸಕ್ಕೆ ಅದೇ ಸಂಬಳದಲ್ಲಿ ಹಾಕಬೇಕಿತ್ತು. ಅಂಗಡಿಯ ಕೆಲಸಗಾರನಿಗೆ ಆ ರಕ್ಷಣೆ ಇಲ್ಲ. ಪೆಟ್ಟು ಇಬ್ಬರಿಗೂ ಒಂದೇ ಅಲ್ವಾ?

ಈಗ ಮಾಡಬೇಕಾದ್ದು ಹೇಳುತ್ತೇನೆ. ಈ ಸಲ ಮೂಳೆ ಡಾಕ್ಟರ ಹತ್ತಿರ ಹೋಗಬೇಡಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಿ. ಯೋಚನೆ, ಮನಸ್ಥಿತಿ, ನೆನಪು ಕೆಟ್ಟು ದಿನದ ಬದುಕು ನಡೆಯದಂತಾಗುವುದನ್ನು ಕಾಯ್ದೆ ಮಾನಸಿಕ ಅಸ್ವಸ್ಥತೆಯ ಕೆಳಗೆ ಇಟ್ಟಿದೆ. ಅದನ್ನು ಅಳೆಯಲು ಐಡಿಯಾಸ್ ಎಂಬ ಅಳತೆಗೋಲು ಇದೆ. ತನ್ನನ್ನು ತಾನು ನೋಡಿಕೊಳ್ಳುವುದು, ಜನರ ಜೊತೆ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ, ಈ ನಾಲ್ಕನ್ನು ಅದು ಕೇಳುತ್ತದೆ. ಕಡೆಗೂ ಕೆಲಸದ ಬಗ್ಗೆ ಕೇಳುವ ಒಂದು ಫಾರಂ! ಆ ಕಾಲಂನ ಹೆಸರು ನಿಮಗೆ ನೋವು ತರಬಹುದು, 'ನಮ್ಮವರಿಗೆ ತಲೆ ಕೆಟ್ಟಿಲ್ಲ' ಎಂದು ಎಷ್ಟೋ ಮನೆಯವರು ಅಲ್ಲಿಂದಲೇ ವಾಪಸ್ ಬರುತ್ತಾರೆ. ನನಗೂ ಅದು ಸರಿಯಾದ ಹೆಸರು ಅನ್ನಿಸುವುದಿಲ್ಲ. ಆದರೂ ಸದ್ಯಕ್ಕೆ ತೆರೆದಿರುವ ಬಾಗಿಲು ಅದು. ನ್ಯೂರೋಸೈಕಾಲಜಿ ಪರೀಕ್ಷೆಗೆ ಡಾಕ್ಟರಿಂದ ಚೀಟಿ ಬರೆಸಿಕೊಳ್ಳಿ. ನೆನಪು, ಗಮನ ಎಷ್ಟು ಸೋತಿದೆ ಅನ್ನುವುದು ಕಾಗದದ ಮೇಲೆ ಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಪರೀಕ್ಷೆಯೂ ಇದೆ, ಪುನರ್ವಸತಿ ವಿಭಾಗವೂ ಇದೆ. ಮತ್ತೆ ಇಲ್ಲ ಅಂದರೆ 59ನೇ ಸೆಕ್ಷನ್ ಪ್ರಕಾರ ಮೇಲ್ಮನವಿ ಹಾಕಬಹುದು. ಬಿದ್ದಿದ್ದು ಅಂಗಡಿಗೆ ಹೋಗುವ ದಾರಿಯಲ್ಲಾ? ಇ.ಎಸ್.ಐ. ಅಂದರೆ ಕಾರ್ಮಿಕರ ವಿಮೆ ಇತ್ತಾ? ಇದ್ದರೆ ದಾರಿಯ ಅಪಘಾತವನ್ನೂ ಕೆಲಸದ ಅಪಘಾತ ಅಂತ ಪರಿಗಣಿಸುವ ಅವಕಾಶ 2010ರಲ್ಲೇ ಬಂದಿದೆ, ವಿಚಾರಿಸಿ.

ತರಬೇತಿಯ ಬಗ್ಗೆ ಒಂದು ಮಾತು. ನಮ್ಮ ಕಚೇರಿಯಲ್ಲಿ ಕಂಪ್ಯೂಟರಿನಲ್ಲಿ ಪತ್ರಿಕೆಯ ಪುಟ ಕಟ್ಟುತ್ತಿದ್ದ ಹುಡುಗನಿಗೂ ಹೀಗೇ ಆಗಿತ್ತು. ಮೊದಲ ತಿಂಗಳು ನಾನು ಅವನನ್ನು ಬೈದಿದ್ದೇ ಬಂತು, ಸೋಮಾರಿ ಆಗಿದ್ದಾನೆ ಅಂದುಕೊಂಡಿದ್ದೆ. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ. ಆಮೇಲೆ ಅವನ ಅಕ್ಕ ಬಂದು ಪಕ್ಕದಲ್ಲಿ ಕೂತು, ಒಂದೊಂದು ಹೆಜ್ಜೆಯನ್ನೂ ಚೀಟಿಯಲ್ಲಿ ಬರೆದು ಕಂಪ್ಯೂಟರಿಗೆ ಅಂಟಿಸಿದಳು. ಎದುರಿಗಿದ್ದ ಫೋನ್ ತೆಗೆಸಿದೆವು. ಅರ್ಧ ದಿನ ಮಾತ್ರ ಕೆಲಸ. ಆರು ತಿಂಗಳಿಗೆ ಎಂಟು ಪುಟ ತಾನೇ ಕಟ್ಟುವ ಹಾಗಾದ. ಮಿದುಳಿಗೆ ಪೆಟ್ಟಾದವರಿಗೆ ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆಗೆ ಒಯ್ಯುವುದೇ ಕಷ್ಟ. ಅದಕ್ಕೇ ತರಬೇತಿ ಕೇಂದ್ರದ ಕೋಣೆಯಲ್ಲಿ ಮೂರು ತಿಂಗಳು ಮೇಣದಬತ್ತಿ ಮಾಡಿಸಿ ಕಳಿಸಿದರೆ ಅಂಗಡಿಯ ಕೆಲಸಕ್ಕೆ ಅದು ಬರುವುದಿಲ್ಲ. ಕಲಿಸುವವರು ಕೆಲಸದ ಜಾಗಕ್ಕೇ ಬರಬೇಕು. ಸರ್ಕಾರದಿಂದ ನಾವು ಕೇಳಬೇಕಾದ್ದು ಇದನ್ನೇ. ಜೊತೆಗೆ ಪಟ್ಟಿಯಲ್ಲಿ ಮಿದುಳಿನ ಗಾಯಕ್ಕೆ ಅದರದೇ ಹೆಸರಿನ ಒಂದು ಸಾಲು.

ನಿಮ್ಮ ಪಂಚಾಯಿತಿಯಲ್ಲಿ ವಿಕಲಚೇತನರಿಗೆ ನೆರವಾಗುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದರೆ ಅವರನ್ನೂ ಕರೆದುಕೊಂಡು ಆ ಮಾಲೀಕರ ಹತ್ತಿರ ಇನ್ನೊಂದು ಸಲ ಹೋಗಿ. ಇಡೀ ದಿನ ಬೇಡ, ಬೆಳಿಗ್ಗೆ ಮೂರು ಗಂಟೆ ಸಾಕು ಅನ್ನಿ. ಕೌಂಟರ್ ಬೇಡ, ಹಿಂದಿನ ಗೋಡೌನಿನಲ್ಲಿ ಸ್ಟಾಕ್ ಬರೆಯುವ ಕೆಲಸ ಕೇಳಿ. ಮೊದಲ ವಾರ ನೀವೂ ಜೊತೆಗಿರುತ್ತೀರಿ ಅಂತ ಹೇಳಿ. ಏನಾಯಿತು ಅಂತ ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.